ಮಂಗಳವಾರದ ಅಮ್ಮ

ಕುಟುಂಬ ನೆರವು ಕೇಂದ್ರದ ಗೋಡೆಯ ಮೇಲೆ ದೊಡ್ಡಕ್ಷರಗಳಲ್ಲಿ ‘ಸಂಬಂಧವೇ ಸಾಧನ’ ಎಂದು ಬರೆದಿತ್ತು. ತಿಂಗಳ ಕೊನೆಯಲ್ಲಿ ಅದನ್ನು ‘ಸಂಬಳವೇ ಸಾಧನೆ’ ಎಂದು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸುತ್ತಿದ್ದವಳು ರೇಡಿಯೋ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಇದು ಆಫೀಸು ಕೊಟ್ಟ ಬಿರುದು. ಮೇಲ್ವಿಚಾರಕಿಯ ಕೆಮ್ಮು, ಡ್ರೈವರನ ಆಕಳಿಕೆ, ಮೂಲೆಯ ಫ್ಯಾನಿನ ನರಳಾಟ, ಯಾವ ಸ್ಟೇಷನ್ ಬೇಕಾದರೂ ಆ ಒಂದೇ ಗಂಟಲಲ್ಲಿ ಸಿಗುತ್ತಿತ್ತು.

ಅವಳ ಕೆಲಸ, ಸಂಕಟದಲ್ಲಿರುವ ಮನೆಗಳಿಗೆ ವಾರವಾರ ಹೋಗುವುದು. ಹೋಗಿ ಪ್ರಶ್ನೆ ಕೇಳುವ ಹಾಗಿಲ್ಲ. ಮನೆಯವರು ಏನು ಮಾಡುತ್ತಿದ್ದಾರೋ ಅದನ್ನೇ ಅವರ ಪಕ್ಕ ಕೂತು ಮಾಡಬೇಕು. ಬಟ್ಟೆ ಮಡಿಸುತ್ತಿದ್ದರೆ ಬಟ್ಟೆ, ಬೆಳ್ಳುಳ್ಳಿ ಸುಲಿಯುತ್ತಿದ್ದರೆ ಬೆಳ್ಳುಳ್ಳಿ. ಮೊದಲು ಕೈ, ಆಮೇಲೆ ಬಾಯಿ. ಕೇಂದ್ರದ ಪದ್ಧತಿಯೇ ಅದು. ಉಳಿದವರು ‘ಕೇಸು’ ಎನ್ನುತ್ತಿದ್ದುದನ್ನು ರೇಡಿಯೋ ‘ಕೂಸು’ ಎನ್ನುತ್ತಿದ್ದಳು.

ಆ ಮಂಗಳವಾರ ಬೆಳಿಗ್ಗೆ ಮೇಲ್ವಿಚಾರಕಿ ಅವಳನ್ನು ಕರೆದು ಬಾಗಿಲು ಹಾಕಿದರು.

“ಶಾಲೆಯಿಂದ ಫೋನ್ ಬಂದಿತ್ತು. ಆ ಟೈಲರ್ ಮಗಳು ಟೀಚರ್‌ಗೆ ಏನಂದಿದಾಳೆ ಗೊತ್ತಾ? ‘ನಮ್ಮಮ್ಮ ಸತ್ತೋಗಿದಾರೆ, ಆದ್ರೆ ಮಂಗಳವಾರ ಮನೆಗೆ ಬರ್ತಾರೆ’ ಅಂತ.”

ರೇಡಿಯೋ ಕುರ್ಚಿ ಎಳೆದುಕೊಂಡು ಕೂತಳು.

ಟೈಲರನದು ಮೂರನೇ ಮಹಡಿಯ ಒಂದೇ ಕೋಣೆಯ ಮನೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಸುತ್ತ ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟುಗಳ ರಾಶಿ. ಹೋದ ವರ್ಷ ಅವನ ಹೆಂಡತಿ ಜ್ವರವೆಂದು ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ಮಗು ನೋಡಿ ಹೆದರೀತು ಎಂದು ಪಕ್ಕದ ಮನೆಯಲ್ಲೇ ಬಿಟ್ಟು ಎಲ್ಲ ಮುಗಿಸಿದರು. ಐದು ವರ್ಷದ ಹುಡುಗಿ ಊಟ ಬಿಟ್ಟಳು. ಅಪ್ಪ ಮಾತು ಬಿಟ್ಟ. ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ಕಟ್ಟಡದವರು ದೂರು ಕೊಟ್ಟರು. ಹುಡುಗಿಯನ್ನು ಮಕ್ಕಳ ಧಾಮಕ್ಕೆ ಸೇರಿಸಬೇಕೆಂದು ಮೇಲಿನವರು ಹೇಳಿದಾಗ, ಒಂದಷ್ಟು ದಿನ ನಾವು ನೋಡುತ್ತೇವೆ ಎಂದು ಕೇಂದ್ರ ಅವಕಾಶ ಕೇಳಿತ್ತು.

ರೇಡಿಯೋ ಪ್ರತಿ ಮಂಗಳವಾರ ಹೋಗಿ ಗುಂಡಿ ಹೊಲಿಯತೊಡಗಿದಳು. ವಾರಗಟ್ಟಲೆ ಅವನೂ ಮಾತಾಡಲಿಲ್ಲ, ಮೇಜಿನ ಕೆಳಗೆ ಕೂತ ಹುಡುಗಿಯೂ ಮಾತಾಡಲಿಲ್ಲ. ಒಂದು ದಿನ ದಾರ ಸಿಕ್ಕಿಕೊಂಡು ಯಂತ್ರ ನಿಂತಾಗ, ರೇಡಿಯೋ ಯಂತ್ರದ ಸದ್ದನ್ನು ಬಾಯಲ್ಲೇ ಮುಂದುವರಿಸಿದಳು. ಮೇಜಿನ ಕೆಳಗಿಂದ ಒಂದು ತಲೆ ಹೊರಗೆ ಬಂತು. ಮುಂದಿನ ವಾರ ಅವಳ ಬಾಯಲ್ಲೇ ಗಿರಾಕಿಗಳು ಬಂದರು: “ಟೈಲರೇ, ಪ್ಯಾಂಟ್ ಗಿಡ್ಡ ಮಾಡಿ ಅಂದ್ರೆ ಚಡ್ಡಿ ಮಾಡಿಟ್ಟಿದೀರಲ್ರೀ!” ಹುಡುಗಿ ನಕ್ಕಳು. ನಕ್ಕು, ಕೇಳಿಬಿಟ್ಟಳು.

“ಅತ್ತೆ, ನಮ್ಮಮ್ಮನ ಥರ ಮಾತಾಡ್ತೀರಾ?”

ಪೆಡಲಿನ ಮೇಲೆ ಅವಳಪ್ಪನ ಕಾಲು ನಿಂತಿತು. ರೇಡಿಯೋ ಆ ಹೆಂಗಸನ್ನು ಕಂಡೇ ಇರಲಿಲ್ಲ. ಆದರೆ ಮಿಮಿಕ್ರಿ ಮಾಡುವವರಿಗೆ ‘ಮಾಡ್ತೀರಾ’ ಎಂದರೆ ‘ಆಗಲ್ಲ’ ಎನ್ನುವುದು ಬಾಯಿಗೆ ಬರುವುದಿಲ್ಲ.

“ಹೇಗೆ ಮಾತಾಡ್ತಿದ್ರು, ಹೇಳ್ಕೊಡು.”

“ತಟ್ಟೆಗೆ ಬೇಜಾರಾಗಿದೆ ಕಣೇ, ಯಾರೂ ಮಾತಾಡಿಸ್ತಿಲ್ವಂತೆ, ಬಾ ಅನ್ನೋರು.”

ರೇಡಿಯೋ ಅಂದಳು. ಹುಡುಗಿ ಹಾಗಲ್ಲ ಎಂದು ತಲೆಯಾಡಿಸಿದಳು. ಇನ್ನೂ ಮೆಲ್ಲಗೆ. ಕೊನೇಲಿ ಎಳೀಬೇಕು. ಆಗ ಯಂತ್ರದ ಕಡೆಯಿಂದ, ತುಕ್ಕು ಹಿಡಿದ ದನಿಯೊಂದು ಬಂತು: “ಸ್ವಲ್ಪ ಮೂಗಲ್ಲಿ.” ಅಷ್ಟು ದಿನಗಳಲ್ಲಿ ಅವನು ಆಡಿದ ಮೊದಲ ಮಾತು ಅದು. ಮೂವರೂ ಸೇರಿ, ಅಳತೆ ತೆಗೆದು, ಹಿಡಿಸಿ, ಬಿಡಿಸಿ, ಸತ್ತವಳ ದನಿಯನ್ನು ಹೊಲಿದರು. ಹುಡುಗಿ ತಟ್ಟೆಯ ಮುಂದೆ ಬಂದು ಕೂತು ಉಂಡಳು. ಆಮೇಲೆ ವಾರವಿಡೀ ಉಣ್ಣತೊಡಗಿದಳು. “ಸರಿಯಾಗಿ ತಿಂದ್ರೆ ಮಂಗಳವಾರ ಅಮ್ಮ ಬರ್ತಾಳೆ” ಎಂದು ಅಪ್ಪನೇ ಹೇಳುತ್ತಿದ್ದ. ಶಾಲೆಗೂ ಹೋದಳು.

“ತಿಂತಾ ಇದಾಳಲ್ಲ ಮೇಡಂ,” ಎಂದಳು ರೇಡಿಯೋ.

“ತಿಂತಾ ಇದಾಳೆ. ಇಲ್ಲ ಅಂದ್ನಾ?” ಮೇಲ್ವಿಚಾರಕಿ ಕೆಮ್ಮಿದರು. “ನೀನು ನನ್ನ ಕೆಮ್ಮು ಮಾಡ್ತೀಯ ಅಂತ ನಂಗೊತ್ತು. ಚೆನ್ನಾಗೇ ಮಾಡ್ತೀಯಂತೆ. ನಾನಿನ್ನೂ ಬದುಕಿದೀನಿ, ಪಕ್ಕದಲ್ಲಿಟ್ಟು ಹೋಲಿಸಿ ನೋಡ್ಬಹುದು. ಅವಳದನ್ನ ಯಾವುದರ ಪಕ್ಕ ಇಟ್ಟು ನೋಡ್ತೀಯ?”

ಮೇಲ್ವಿಚಾರಕಿ ಮುಂದಿದ್ದ ಕಡತ ಮುಚ್ಚಿದರು.

“ಮುಂದಿನ ವಾರದಿಂದ ಬೇರೆಯವರು ಹೋಗ್ತಾರೆ. ಇವತ್ತು ನೀನೇ ಹೋಗಿ, ನಿನ್ನ ದನಿಯಲ್ಲೇ ಹೇಳು.”

“ಊಟ ಬಿಟ್ಟುಬಿಟ್ರೆ?”

ಬಿಟ್ಟರೆ ಮಕ್ಕಳ ಧಾಮ ಎಂದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಅವಳು ಮೂರನೇ ಮಹಡಿ ಹತ್ತಿದಾಗ ತಟ್ಟೆ ಆಗಲೇ ನೆಲದ ಮೇಲಿತ್ತು. ಹುಡುಗಿ ಶಾಲೆಯ ಬಟ್ಟೆಯಲ್ಲೇ ಕೂತು ಕಾಯುತ್ತಿದ್ದಳು. ರೇಡಿಯೋ ಗುಂಡಿಗಳ ಡಬ್ಬಿ ಎಳೆದುಕೊಳ್ಳಲಿಲ್ಲ. ಅದನ್ನು ಕಂಡೇ ಟೈಲರ್ ಕೆಲಸ ನಿಲ್ಲಿಸಿದ.

“ಪುಟ್ಟಿ, ನಾನು ಇನ್ಮೇಲೆ ಬರಲ್ಲ. ಇನ್ನೊಬ್ಬ ಅತ್ತೆ ಬರ್ತಾರೆ. ತುಂಬಾ ಒಳ್ಳೆಯವರು.”

ಹುಡುಗಿ ಯೋಚಿಸಿದಳು. “ಆಯ್ತು. ನೀವು ಹೋಗಿ. ಅಮ್ಮ ಇರ್ಲಿ.”

“ಅಮ್ಮ ಇಲ್ಲ ಮರಿ. ಅದು ನನ್ನ ಗಂಟಲು.”

“ಗೊತ್ತು.” ಎದ್ದು ಬಂದು ರೇಡಿಯೋಳ ಕತ್ತಿನ ಮೇಲೆ ಪುಟ್ಟ ಅಂಗೈ ಇಟ್ಟಳು. “ಇಲ್ಲೇ ಇದಾರೆ. ಇಳಿಸಿ ಹೋಗಿ.”

ಆ ಅಂಗೈ ಕೆಳಗೆ ರೇಡಿಯೋಳ ಗಂಟಲು ಒಮ್ಮೆ ಏರಿ ಇಳಿಯಿತು. ಒಂದೇ ಒಂದು ಮಾತು, ಮೂಗಿನಲ್ಲಿ, ಕೊನೆಯಲ್ಲಿ ಎಳೆದು. ನಾಲಿಗೆಯ ತುದಿಗೆ ಬಂದೂ ಬಂತು. ನುಂಗಿಕೊಂಡಳು.

“ಅಣ್ಣ, ನೀವು ಹೇಳಿ. ಅವರು ಊಟಕ್ಕೆ ಹೇಗೆ ಕರೀತಿದ್ರು, ನಿಮ್ಮ ಬಾಯಲ್ಲೇ ಹೇಳಿ. ಅವರ ಮಾತು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಟೈಲರ್ ಬಾಯಿ ತೆರೆದ. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಅವನು ಅಳತೆಯ ಟೇಪನ್ನು ಕೊರಳಿಂದ ತೆಗೆದು ಯಂತ್ರದ ಮೇಲಿಟ್ಟು ಮೆಟ್ಟಿಲ ಕಡೆಗೆ ಹೊರನಡೆದ. ರೇಡಿಯೋ ಹಿಂದೆಯೇ ಹೋದಳು.

“ಏನಾಯ್ತಣ್ಣ?”

“ನೆನಪಿಗೆ ಬರ್ತಿಲ್ಲ ಅಕ್ಕ.” ಅವನು ಕಂಬಿ ಹಿಡಿದು ಕೆಳಗೆ ನೋಡುತ್ತಿದ್ದ. “ಮುಖ ಬರುತ್ತೆ. ಬಾಯಿ ತೆಗೆದ್ಲು ಅಂದ್ರೆ ನಿಮ್ಮ ದನಿ. ನನ್ನ ಮೇಲೆ ರೇಗ್ತಿದ್ದಿದ್ದು, ಆಸ್ಪತ್ರೆಗೆ ಹೋಗೋವಾಗ ಏನೋ ಅಂದಿದ್ದು, ಎಲ್ಲಾ ನಿಮ್ಮ ದನೀಲೇ ಕೇಳ್ಸುತ್ತೆ.”

“ಯಾವಾಗಿಂದ?”

“ತುಂಬಾ ದಿನ ಆಯ್ತು.”

“ಒಂದು ಮಾತು ಹೇಳ್ಬಾರ್ದಿತ್ತಾ? ನಿಲ್ಲಿಸ್ತಿದ್ದೆ.”

“ಮಗು ಊಟ ಮಾಡ್ತಿತ್ತಲ್ಲ,” ಎಂದ ಅವನು.

ಬೈದಿದ್ದರೆ ರೇಡಿಯೋ ತಡೆದುಕೊಳ್ಳುತ್ತಿದ್ದಳೇನೋ. ಅವನ ಮಾತಿನಲ್ಲಿ ಬೈಗುಳವಿರಲಿಲ್ಲ. ಬಟ್ಟೆ ಸಾಲದಿದ್ದಾಗ ಒಳಗಿನ ಮಡಿಕೆ ಬಿಚ್ಚಿ ಉದ್ದ ಮಾಡಿದೆ ಎಂದು ಗಿರಾಕಿಗೆ ಹೇಳುವ ಹಾಗಿತ್ತು.

“ಹೋಗಿ ಅಕ್ಕ,” ಎಂದು ಅವನೇ ಹೇಳಿದ. “ಒಳಗೆ ಬರ್ಬೇಡಿ. ನಿಮ್ಮ ಮುಖ ನೋಡಿದ್ರೆ ಕಾಯ್ತಾಳೆ.”

ಅವನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ರೇಡಿಯೋ ಎರಡನೇ ಮಹಡಿಗೆ ಇಳಿಯುವಷ್ಟರಲ್ಲಿ ಮೇಲಿನಿಂದ ಅವನ ದನಿ ಕೇಳಿಸಿತು. ಯಾರ ಅನುಕರಣೆಯೂ ಅಲ್ಲದ, ಒಡೆದ ದನಿ. “ಬಾ ಮಗಳೇ. ಅಮ್ಮ ಬರಲ್ಲ. ನಾನೇ ಕರೀತಿದೀನಿ, ಬಾ.” ಆಮೇಲೆ ಹುಡುಗಿ ಅಳತೊಡಗಿದಳು. ಹಟದ ಅಳುವಾಗಿರಲಿಲ್ಲ ಅದು. ಹೊಟ್ಟೆಯ ಬುಡದಿಂದ ಎದ್ದು ಗೋಡೆಗಳನ್ನು ದಾಟಿ ಇಡೀ ಕಟ್ಟಡಕ್ಕೆ ಹಬ್ಬಿತು. ಅವನು ಸುಮ್ಮನಿರು ಎನ್ನಲಿಲ್ಲ.

ಎರಡನೇ ಮಹಡಿಯ ಬಾಗಿಲು ತೆರೆದು ಒಬ್ಬ ಅಜ್ಜಿ ಇಣುಕಿದರು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

“ಯಾಕಮ್ಮ, ಮಗು ಹಾಗೆ ಅಳ್ತಿದೆ?”

“ಅವರಮ್ಮ ತೀರ್ಕೊಂಡ್ರು, ಅಜ್ಜಿ.”

“ಅಯ್ಯೋ, ಅದು ಹೋದ ವರ್ಷ ಅಲ್ವೇನಮ್ಮ?”

ರೇಡಿಯೋ ಅಲ್ಲವೆಂದು ತಲೆಯಾಡಿಸಿ, ಕಂಬಿ ಹಿಡಿದುಕೊಂಡು ಉಳಿದ ಮೆಟ್ಟಿಲು ಇಳಿದಳು.