ಇದು ಮೇಷ್ಟ್ರ ಹೆಜ್ಜೆಯಲ್ಲ

ನರ್ಸರಿಯ ಗುಲಾಬಿ ಸಾಲಿನಲ್ಲಿ ಮತ್ತೆ ಎರಡು ಗಿಡ ಬೇರು ಮೇಲೆ ಮಾಡಿಕೊಂಡು ಬಿದ್ದಿದ್ದವು. ಕುಂಡದ ಮಣ್ಣೆಲ್ಲ ಹಾದಿಗೆ ಚೆಲ್ಲಿತ್ತು. ಭಾವ ಸೊಂಟದ ಮೇಲೆ ಕೈಯಿಟ್ಟು ನಿಂತು ಅಪರಾಧಿಯತ್ತ ಬೆರಳು ತೋರಿಸಿದರು.

ಅಪರಾಧಿ ನೀರಿನ ಡ್ರಮ್ಮಿನ ಪಕ್ಕ ಮಲಗಿದ್ದಲ್ಲಿಂದಲೇ ಬಾಲದ ತುದಿ ಆಡಿಸಿತು. ಎರಡೂ ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಕಪ್ಪು ಉಂಗುರವಿದ್ದುದರಿಂದ ಆ ಮುದಿ ನಾಯಿಗೆ ಮೇಷ್ಟ್ರು ಎಂದೇ ಹೆಸರು.

"ಭಾನುವಾರ ಲಾರಿಯವನು ಕುಂಡ ಇಳಿಸೋಕೆ ಬರ್ತಾನಲ್ಲ, ಮೇಷ್ಟ್ರನ್ನ ಅವನ ಜೊತೆ ಕಳಿಸಿಬಿಡ್ತೀನಿ. ಅವನ ಗೋಡೌನಿಗೆ ಕಾವಲು ಬೇಕಂತೆ. ಮಾತಾಡಿ ಆಯ್ತು."

ಮಹಡಿಯಿಂದ ಹಲ್ಲುಜ್ಜುತ್ತ ಇಳಿದು ಬಂದ ನಾದಿನಿಗೆ ಬಾಯಿ ತುಂಬ ನೊರೆ. ಇಲ್ಲದಿದ್ದರೆ ಆಗಲೇ ಜಗಳ ಶುರುವಾಗುತ್ತಿತ್ತು. ಪ್ರಾಣಿಶಾಸ್ತ್ರ ಓದಿ, ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಹಿಡಿದು, ಅಕ್ಕನ ಮನೆಯ ಮೇಲಿನ ಕೋಣೆಗೆ ಬಂದು ಸೇರಿದ ಹೊಸದರಲ್ಲಿ ಅವಳಿಗೆ ಸಿಕ್ಕಿದ್ದ ಗೆಳೆಯ ಆ ನಾಯಿ ಒಂದೇ. ಈಗಲೂ ಸಂಜೆ ಅವಳು ಬರುವವರೆಗೆ ಅದು ಗೇಟು ಬಿಟ್ಟು ಕದಲುತ್ತಿರಲಿಲ್ಲ.

ಅವಳು ಬಾಯಿ ಮುಕ್ಕಳಿಸಿ ಬಂದಳು. "ಭಾವ, ಮೆಟ್ಟಿಲು ಹತ್ತೋಕೇ ಆಗಲ್ಲ ಅವನಿಗೆ. ಗುಂಡಿ ಬೇರೆ ತೋಡ್ತಾನಾ? ಇದು ಹೆಗ್ಗಣದ ಕೆಲಸ. ನೂರಕ್ಕೆ ನೂರು."

"ನೋಡೋಣಮ್ಮ, ನಿನ್ನ ಹೆಗ್ಗಣಾನೂ ನೋಡೋಣ," ಎಂದು ಭಾವ ಬಿದ್ದ ಗಿಡಗಳನ್ನು ಮತ್ತೆ ನೆಟ್ಟರು. "ಪಾಪ, ಪೆಟ್ಟು ತಿಂದಿವೆ," ಎನ್ನುತ್ತ ಒಂದೊಂದರ ಬುಡಕ್ಕೂ ಮೂಳೆಪುಡಿ ಗೊಬ್ಬರ ಧಾರಾಳವಾಗಿ ಸುರಿದರು.

ಆ ರಾತ್ರಿ ಅವಳು ಒಣಮೀನು ಕಟ್ಟಿ ಇಲಿಬೋನು ಇಟ್ಟಳು. ಬೆಳಗ್ಗೆ ಬೋನಿನೊಳಗೆ ಪಕ್ಕದ ಟೈಲರ್ ಅಂಗಡಿಯ ಬೆಕ್ಕಿನ ಮರಿ ಮುಖ ಊದಿಸಿಕೊಂಡು ಕೂತಿತ್ತು. ಆಚೆ ಇನ್ನೊಂದು ಗುಲಾಬಿ ಅಂಗಾತ ಬಿದ್ದಿತ್ತು.

"ನಿನ್ನ ಹೆಗ್ಗಣ ಮಿಯಾಂವ್ ಅಂತಿದೆಯಲ್ಲಮ್ಮ! ಕಾಲೇಜಲ್ಲಿ ಹೀಗೇನಾ ಹೇಳಿಕೊಟ್ಟಿದ್ದು?"

ಅವಳ ಮುಖ ಕೆಂಪಾಯಿತು. ಸಾಕ್ಷಿ ನೋಡುವ ಮೊದಲೇ ತೀರ್ಪು ಕೊಡಬೇಡಿ ಎಂದು ಲ್ಯಾಬಿನಲ್ಲಿ ಬೇರೆಯವರಿಗೆ ಉಪದೇಶ ಮಾಡುವವಳು ಅವಳೇ. ಸಂಜೆ ಬಂದವಳೇ ಬೀಜ ಮೊಳೆಸುವ ಸಣ್ಣ ಮರಳನ್ನು ಜರಡಿ ಹಿಡಿದು ಗುಲಾಬಿ ಸಾಲಿನ ಹಾದಿಯುದ್ದಕ್ಕೂ ತೆಳ್ಳಗೆ ಹರಡಿ, ಹಲಗೆಯಿಂದ ಸಮ ಮಾಡಿದಳು.

"ಬೆಳಗ್ಗೆ ನಾನು ನೋಡೋವರೆಗೂ ಯಾರೂ ನೀರಿನ ಪೈಪ್ ಮುಟ್ಟಬಾರದು."

"ರೀ, ಕೇಳಿಸ್ತಾ? ನಿಮಗೇ ಹೇಳಿದ್ದು," ಎಂದು ಅಕ್ಕ ಒಳಗಿನಿಂದ ಕೂಗಿದಳು.

ಬೆಳಕು ಹರಿಯುವಾಗ ಮತ್ತೊಂದು ಗುಲಾಬಿ ಉರುಳಿತ್ತು, ಮರಳಿನ ಮೇಲೆ ಎರಡು ಬಗೆಯ ಹೆಜ್ಜೆಗಳಿದ್ದವು. ಮೇಷ್ಟ್ರ ಹೆಜ್ಜೆಗಳು ದುಂಡು ದುಂಡಗೆ, ಹಾದಿ ಮರೆತವರಂತೆ ಅತ್ತಿತ್ತ ಅಲೆದು ಡ್ರಮ್ಮಿನ ಕಡೆ ಹೋಗಿದ್ದವು. ಇನ್ನೊಂದರ ಹೆಜ್ಜೆಗಳು ಚಿಕ್ಕವು, ಉದ್ದುದ್ದ. ದಾರದಲ್ಲಿ ಪೋಣಿಸಿದಂತೆ ನೆಟ್ಟಗೆ ಒಂದೇ ಸಾಲು. ಅವಳು ಅಕ್ಕನ ಅಡುಗೆಮನೆಯಿಂದ ಬೆಂಕಿಪೊಟ್ಟಣ ತಂದು ಕುಕ್ಕರಗಾಲಲ್ಲಿ ಕೂತಳು. ಚಿಕ್ಕ ಹೆಜ್ಜೆಯ ಮುಂದಿನ ಎರಡು ಬೆರಳು ಮತ್ತು ಪಕ್ಕದ ಬೆರಳುಗಳ ನಡುವೆ ಒಂದು ಕಡ್ಡಿ ಅಡ್ಡ ಇಟ್ಟಳು. ಯಾವ ಬೆರಳಿಗೂ ತಾಗದೆ ಕಡ್ಡಿ ಹಾಯಾಗಿ ಮಲಗಿತು. ಮೇಷ್ಟ್ರ ಹೆಜ್ಜೆಯಲ್ಲಿ ಅಷ್ಟು ಜಾಗವೆಲ್ಲಿ? ಕಡ್ಡಿ ಪಕ್ಕದ ಬೆರಳಿನ ಗುರುತಿನ ಮೇಲೇ ಕೂತಿತು.

"ನರಿ," ಎಂದಳು ಉಸಿರಿನಲ್ಲಿ.

ಒಮ್ಮೆ ಗೊತ್ತಾದ ಮೇಲೆ ನೋಡಿದಲ್ಲೆಲ್ಲ ಅದರದೇ ಗುರುತು. ಬೋರಲು ಹಾಕಿದ ಕುಂಡದ ನೆತ್ತಿಯ ಮೇಲೆ, ಬೋರ್ಡು ಬರೆದು ನಿಲ್ಲಿಸಿದಷ್ಟು ಧೈರ್ಯವಾಗಿ ಹಿಕ್ಕೆ ಹಾಕಿತ್ತು: ಹುರಿಹಗ್ಗದಂತೆ ತಿರುಚಿ ತುದಿ ಚೂಪಾಗಿತ್ತು, ಒಳಗೆ ಕೂದಲು, ಜೀರುಂಡೆಯ ರೆಕ್ಕೆ. ಬೇಲಿಯ ಕೆಳತಂತಿಗೆ ಕಂದುಗೆಂಪು ಕೂದಲು ಸಿಕ್ಕಿಕೊಂಡಿತ್ತು. ಅಲ್ಲೇ ಮೂಗಿಗೆ ಹೊಡೆಯುವ ಘಾಟು. ವಾರದಿಂದ ಆ ಘಾಟನ್ನು ಅವಳು ಭಾವನ ರಬ್ಬರ್ ಬೂಟಿನ ಲೆಕ್ಕಕ್ಕೆ ಹಾಕಿದ್ದಳು.

ಭಾವ ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿದರು. ಕೊನೆಗೆ ತಲೆ ಕೆರೆದುಕೊಂಡರು. "ಸರಿ, ನರಿ ಬಂದಿದೆ. ಅಗೆದಿದ್ದೂ ಅದೇ ಅಂತ ಎಲ್ಲಿ ಬರೆದಿದೆ? ಗುಲಾಬಿ ಬೇರು ತಿಂದು ಅದಕ್ಕೇನಾಗಬೇಕು?"

ಪ್ರಶ್ನೆ ನ್ಯಾಯವಾಗಿತ್ತು. "ಹಾಗಾದ್ರೆ ನಾಳೆ ಬೆಳಗ್ಗೆ ನನ್ನ ಜೊತೆ ಕೂತ್ಕೊಂಡು ನೀವೇ ನೋಡಿ," ಎಂದಳು. ಮರುದಿನ ಶನಿವಾರ, ಅದು ತಪ್ಪಿದರೆ ಲಾರಿ.

ಕೋಳಿ ಕೂಗುವ ಹೊತ್ತಿಗೆ ಇಬ್ಬರೂ ಗೊಬ್ಬರದ ಶೆಡ್ಡಿನಲ್ಲಿ ಬಾಗಿಲು ಅರೆ ತೆರೆದು ಕೂತಿದ್ದರು.

"ಬಂತಾ?"

"ಶ್!"

"ಕಾಲು ಜೋಮು ಹಿಡೀತು ಕಣಮ್ಮ."

"ಭಾವ, ನೀವು ಹೀಗೇ ಮಾತಾಡ್ತಿದ್ರೆ ನರಿ ಅಲ್ಲ, ಗಿರಾಕಿ ಬರ್ತಾರೆ."

ಅಷ್ಟರಲ್ಲಿ ಬೇಲಿಯ ಕೆಳಗಿನಿಂದ ಏನೋ ನುಸುಳಿತು. ತೆಳ್ಳಗಿನ ಮೈ, ಚೂಪು ಮೂತಿ, ನೆಲಕ್ಕೆ ತಾಗದಂತೆ ಹಿಂದೆ ಚಾಚಿದ ಪೊದೆಬಾಲ. ನಡೆದುಕೊಂಡು ಮೇಷ್ಟ್ರ ಪಕ್ಕಕ್ಕೇ ಬಂತು. ಮೇಷ್ಟ್ರು ಒಂದು ಕಣ್ಣು ತೆರೆದು, ಬಾಲದ ತುದಿ ಆಡಿಸಿ, ಮತ್ತೆ ಕಣ್ಣು ಮುಚ್ಚಿತು.

"ಕಳ್ಳನಿಗೆ ಸಲಾಮು ಬೇರೆ!" ಭಾವ ಹಲ್ಲು ಕಡಿದರು.

ನರಿ ಸಸಿಗಳ ತಟ್ಟೆ ದಾಟಿತು. ಹಳೆಯ ಗುಲಾಬಿ ಕುಂಡಗಳನ್ನು ಮೂಸಿ ಮುಂದೆ ಹೋಯಿತು. ಹಿಂದಿನ ದಿನ ಭಾವ ಮರುನೆಟ್ಟಿದ್ದ ಗಿಡ ಬಂದಾಗ ಮಾತ್ರ ನಿಂತು, ಮುಂಗಾಲೆರಡನ್ನೂ ಕುಂಡಕ್ಕಿಟ್ಟು ಪರಪರ ಕೆರೆಯಿತು. ಗಿಡ ಉರುಳಿತು. ಮಣ್ಣಿನೊಳಗಿನ ಬಿಳಿ ಪುಡಿಗೆ ಮೂತಿಯಿಟ್ಟು ನೆಕ್ಕತೊಡಗಿತು.

"ಅಯ್ಯೋ, ಮೂಳೆಪುಡಿ!" ಭಾವ ಕೂಗಿಯೇಬಿಟ್ಟರು.

ನರಿ ತಲೆಯೆತ್ತಿ ಇಬ್ಬರನ್ನೂ ನೆಟ್ಟಗೆ ನೋಡಿತು. ಮರುಕ್ಷಣ ಅಲ್ಲಿರಲಿಲ್ಲ.

"ಅದು ಕಿತ್ತಷ್ಟೂ ಪಾಪ ಪಾಪ ಅಂತ ನಾನೇ ಬಡಿಸ್ತಿದ್ದೆನಲ್ಲ! ಬಯ್ಗುಳ ಮಾತ್ರ ಆ ಮುದುಕನಿಗೆ."

ಎರಡು ಮಾತು ಚುಚ್ಚಬೇಕೆಂದು ಅವಳಿಗೆ ನಾಲಿಗೆ ತುರಿಸಿತು. ಬೋನಿನ ಬೆಕ್ಕು ನೆನಪಾಗಿ, ಬಿದ್ದ ಗಿಡವನ್ನು ಎತ್ತಿ ನಿಲ್ಲಿಸಿದಳು.

ಚಹಾದ ಫ್ಲಾಸ್ಕು ಹಿಡಿದು ಬಂದ ಅಕ್ಕ ಕತೆ ಕೇಳಿ ನಕ್ಕಳು. "ಬೆಳಗಾಗೆದ್ದು ನರಿ ಮುಖ ನೋಡಿದ್ದೀರ, ಇವತ್ತು ಅದೃಷ್ಟ ಖುಲಾಯಿಸುತ್ತೆ. ಹೋಗಿ ಅಂಗಡಿ ಬಾಗಿಲು ತೆಗೀರಿ."

ಭಾನುವಾರ ಲಾರಿಯವನು ಹಗ್ಗ ಹಿಡಿದೇ ಇಳಿದ. "ಎಲ್ಲಿ ಸಾರ್ ನಾಯಿ?"

ಭಾವ ಮೂಳೆಪುಡಿಯ ಮೂಟೆಯನ್ನು ಎಳೆದುತಂದು ಅವನ ಮುಂದಿಟ್ಟರು. "ನಾಯಿ ಇಲ್ಲೇ ಇರುತ್ತೆ. ಇದನ್ನ ತಗೊಂಡು ಹೋಗು."

"ಇದು ಕಾವಲು ಕಾಯುತ್ತಾ ಸಾರ್?"

"ಮೇಷ್ಟ್ರಿಗಿಂತ ಚೆನ್ನಾಗಿ ಕಾಯುತ್ತೆ."

ಆಮೇಲೆ ಗುಲಾಬಿ ಬೀಳಲಿಲ್ಲ. ಮರಳೂ ಖಾಲಿ. ದಿನಾ ಬೆಳಗ್ಗೆ ಅದನ್ನು ನೋಡುವಾಗ ಅವಳಿಗೆ ಯಾಕೋ ಸಪ್ಪೆಯೆನಿಸುತ್ತಿತ್ತು. ಒಂದು ದಿನ ಮೇಷ್ಟ್ರ ಜೊತೆ ಬೇಲಿಯ ಕೊನೆಯ ಮೂಲೆವರೆಗೆ ಹೋದಳು. ಕುಂಡವಿಲ್ಲದ, ಯಾರೂ ಸುಳಿಯದ ಜಾಗ. ಅಲ್ಲಿ ನೆಲ ಹೊಸದಾಗಿ ಕೆರೆದಿತ್ತು. ಮಣ್ಣಿನಲ್ಲಿ ಒಂದು ಹಿಡಿಯಷ್ಟು ಬಿಳಿ ಪುಡಿ ಬೆರೆಸಿದ ಗುರುತು. ಹಸಿ ನೆಲದ ಮೇಲೆ ನೆಟ್ಟಗಿನ ಹೆಜ್ಜೆಸಾಲು. ಒಂದು ಹೆಜ್ಜೆಯ ಮೇಲೆ, ಬೆರಳುಗಳ ನಡುವೆ ಸರಿಯಾಗಿ ಅಡ್ಡಲಾಗಿ, ಬೆಂಕಿಕಡ್ಡಿ.

ಅಡುಗೆಮನೆಯಿಂದ ಅಕ್ಕನ ದನಿ ಬಂತು. "ಬೆಂಕಿಪೊಟ್ಟಣ ಎಲ್ಲಿ ಹೋಯ್ತು? ಏನೇ, ನೀನು ತಗೊಂಡ್ಯಾ?"

ಭಾವ ಈ ಕಡೆ ನೋಡದೆ, ಆಗಲೇ ನೆನೆದು ತೊಪ್ಪೆಯಾಗಿದ್ದ ಗುಲಾಬಿಗೆ ಬಹಳ ಶ್ರದ್ಧೆಯಿಂದ ಮತ್ತೆ ನೀರು ಹಿಡಿಯುತ್ತಿದ್ದರು.