ಫಕೀರಪ್ಪನ ಬಾಣಂತನ

ಮನೆಯಲ್ಲಿ ಯಾರಿಗಾದರೂ ಹೊಟ್ಟೆಯ ಆಪರೇಷನ್ ಆದರೆ ನಾವು ಮೊದಲು ಮಾಡುವ ಕೆಲಸ ಅವರನ್ನು ಮಲಗಿಸುವುದು. ಪುಣೆಯ ರವಿವಾರ ಪೇಟೆಯ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಬಸವಣ್ಣೆವ್ವನೂ ಅದನ್ನೇ ಮಾಡಿದಳು. ಇದು 2003ರ ಮಾತು. ಅವಳ ಗಂಡ ಫಕೀರಪ್ಪ ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದವನು. ಅವನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಡಾಕ್ಟರು ಗಡ್ಡೆ ಇದ್ದಷ್ಟು ಕರುಳನ್ನು ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದರು.

ಬಸವಣ್ಣೆವ್ವನದು ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ. ಹೊಟ್ಟೆಯ ಗಾಯಕ್ಕೆ ಬೇರೆ ಆರೈಕೆ ಅವಳಿಗೆ ಗೊತ್ತಿರಲಿಲ್ಲ. ಗಂಡನ ಕಿವಿಗೆ ಬಟ್ಟೆ ಕಟ್ಟಿದಳು. ಮೆತ್ತನೆಯ ಅನ್ನಕ್ಕೆ ತುಪ್ಪ ಸುರಿದು ಉಣಿಸಿದಳು. ಬೇಳೆ ವಾಯು, ಮೊಸರು ಥಂಡಿ ಎಂದು ಎರಡನ್ನೂ ದೂರ ಇಟ್ಟಳು. ಆಸ್ಪತ್ರೆಯಲ್ಲಿ ಸಿಸ್ಟರುಗಳು ಅವನನ್ನು ದಿನಾ ನಡೆಸುತ್ತಿದ್ದರು. ಮನೆಯಲ್ಲಿ ಬಚ್ಚಲಿಗೆ ಹೋಗಿ ಬರುವುದಷ್ಟೇ ನಡಿಗೆ.

“ಏನ್ ಹಡದಾರವಾ ನಿಮ್ಮ ಯಜಮಾನ್ರು? ಗಂಡೋ, ಹೆಣ್ಣೋ?” ಎಂದು ಪಕ್ಕದ ಮನೆಯ ಗಂಗೂಬಾಯಿ ಚೇಷ್ಟೆ ಮಾಡಿದಳು.

“ನಗ್ರಿ, ನಗ್ರಿ. ಹೊಲಿಗಿ ಬಿಚ್ಚಿದ್ರ ನೀವು ಬಂದು ಹೊಲೀತೀರೇನು?” ಎಂದಳು ಬಸವಣ್ಣೆವ್ವ.

ಆಪರೇಷನ್ ಆಗಿ ತಿಂಗಳು ತುಂಬಿದಾಗ ಆಸ್ಪತ್ರೆಯ ತಕ್ಕಡಿ ಮೊದಲಿಗಿಂತ ಎರಡು ಕಿಲೋ ಹೆಚ್ಚು ತೋರಿಸಿತು. ಬಸವಣ್ಣೆವ್ವ ಹಿಗ್ಗಿದಳು. ಆದರೆ ಡಾಕ್ಟರು, ಕೈ ಊರದೆ ಕುರ್ಚಿಯಿಂದ ಏಳಲು ಫಕೀರಪ್ಪನಿಗೆ ಹೇಳಿದರು. ಅವನು ಅರ್ಧ ಎದ್ದು ಧೊಪ್ಪನೆ ಕುಳಿತ. ಕ್ಯಾನ್ಸರ್ ಮರಳಿ ಬರದಂತೆ ಕೊಡುವ ಇಂಜೆಕ್ಷನ್ನನ್ನು ಈ ಮೈ ತಾಳುವುದಿಲ್ಲ, ಮೂರು ವಾರ ನೋಡೋಣ, ಬಹಳ ತಡವಾದರೆ ಅದರ ಲಾಭವೂ ಕಡಿಮೆ ಎಂದು ಡಾಕ್ಟರು ಮರಾಠಿಯಲ್ಲಿ ತಿಳಿಸಿದರು.

ಸಂಜೆ ಮೇಲಿನ ಮನೆಯ ನರ್ಮದಾ ಬಂದಳು. ಗದಗಿನ ಕಡೆಯವಳು, ಇಲ್ಲಿ ನರ್ಸು.

“ನೋಡ್ರಿ ಅಕ್ಕಾ, ಎರಡು ಕಿಲೋ ಏರ್ಯಾರ. ಮೈ ಹತ್ತೇದ. ಆ ಡಾಕ್ಟರಗ ಕಣ್ಣ ಕಾಣ್ಸೂದಿಲ್ಲೇನ್ರಿ?” ಬಸವಣ್ಣೆವ್ವನಿಗೆ ಅಳುವೇ ಬಂದಿತ್ತು.

ನರ್ಮದಾ ಫಕೀರಪ್ಪನ ಅಳತೆಯ ಟೇಪು ಕೇಳಿ ಪಡೆದಳು. ಸೊಂಟ ಅಳೆದಳು, ತೊಡೆ ಅಳೆದಳು. ಫಕೀರಪ್ಪನಿಗೆ ನೆನಪಿದ್ದ ಅಳತೆಗಿಂತ ಸೊಂಟ ಎರಡು ಇಂಚು ಹೆಚ್ಚಾಗಿತ್ತು. ತೊಡೆ ಹದಿನೆಂಟು ಇಂಚು.

“ಆಸ್ಪತ್ರಿಗೆ ಹೋಗೂ ಮುಂಚೆ ಪೈಜಾಮಾ ಹೊಲಿಸಿದಾಗ ಇಪ್ಪತ್ತೊಂದಿತ್ತಲ್ಲ!” ಎಂದ ಫಕೀರಪ್ಪ.

“ತಕ್ಕಡಿ ಅರ್ಧಾ ಮಾತು ಹೇಳೇದ್ರಿ ಕಾಕಾ. ಕೊಬ್ಬು ಏರೇದ, ಮಾಂಸಖಂಡ ಇಳದದ. ತಕ್ಕಡಿಗೆ ಎರಡೂ ಒಂದ” ಎಂದಳು ನರ್ಮದಾ.

ಫಕೀರಪ್ಪ ತನ್ನ ತೊಡೆಯನ್ನೇ ಸವರಿ ನೋಡಿದ. “ಅಂದ್ರ ನಾ ಗಂಜಿ ಹಾಕಿದ ಮಲ್‌ಮಲ್ ಆಗೇನಿ. ತೂಗಿದ್ರ ಭಾರ, ಒಮ್ಮಿ ಒಗದ್ರ ಜಾಳಜಾಳು. ಇಂಥಾ ಅರಿವಿ ನಾನು ಗಿರಾಕಿಗೂ ಕೊಟ್ಟಿಲ್ಲ!”

“ಆ ಮಾಂಸ ಎಲ್ಲಿ ಹೋತ್ರಿ?” ಎಂದಳು ಬಸವಣ್ಣೆವ್ವ.

“ಗಾಯಕ್ಕ ಹೋತು. ಡಾಕ್ಟರು ದಾರಾ ಹಾಕಿ ಬರೇ ಜೋಡಿಸ್ತಾರ. ಕೂಡಿಸೋದು ಮೈ. ಅದಕ್ಕ ಸಾಮಾನು ಬೇಕಲ್ಲ? ನೀವು ಬೇಳಿ ಕೊಡ್ಲಿಲ್ಲ, ಮೊಸರು ಕೊಡ್ಲಿಲ್ಲ. ಮೈ ತನ್ನ ತೊಡಿ, ತೋಳು ಬಿಚ್ಚಿ ತಗೊಂಡದ. ಮ್ಯಾಲ ಮಲಗಿಸಿ ಇಟ್ರಿ, ಇನ್ನಷ್ಟು ಕರಗ್ತು.”

ಗಂಡ ಸುಮ್ಮನೆ ಮಲಗಿದ್ದಾನೆ ಎಂದು ಬಸವಣ್ಣೆವ್ವ ತಿಳಿದಿದ್ದಳು. ಒಳಗೆ, ಯಾರೂ ಹೇಳಿಕೊಡದೆ, ಮೈ ತನ್ನ ತೊಡೆಯ ನೂಲನ್ನೇ ಬಿಚ್ಚಿ ಕರುಳನ್ನು ಕೂಡಿಸುತ್ತಿತ್ತು! ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದ ಮೈ. ಅದರಲ್ಲಿ ಇಂಥ ಕಸುಬುದಾರನಿದ್ದಾನೆಂದು ಅವಳಿಗೆ ಇಂದೇ ತಿಳಿದದ್ದು. ಗಂಡನ ಬತ್ತಿದ ತೊಡೆಯ ಮೇಲೆ ಅವಳು ಮೆಲ್ಲಗೆ ಕೈ ಇಟ್ಟಳು, ಗುಡಿಯ ಹೊಸ್ತಿಲು ಮುಟ್ಟಿದಂತೆ.

“ನಡದ್ರ ಹೊಲಿಗಿ ಬಿಚ್ಚೂದಿಲ್ಲ?” ಬಸವಣ್ಣೆವ್ವನ ದನಿ ಸಣ್ಣದಾಗಿತ್ತು.

“ನಡದ್ರ ಬಿಚ್ಚೂದಿಲ್ರಿ. ಕೊಡಾ, ಚೀಲಾ ಅಂಥಾ ವಜ್ಜಾ ಮಾತ್ರ ಎತ್ತಬಾರದು. ನನ್ನ ಮಾತು ಬಿಡ್ರಿ, ನಾಳೆ ನಿಮ್ಮ ಡಾಕ್ಟರನ್ನ ಕೇಳ್ರಿ.”

ಕೇಳಿದರು. ಡಾಕ್ಟರು ಹೂಂ ಅಂದರು. ನುಣ್ಣಗೆ ಬೇಯಿಸಿದ ಹೆಸರುಬೇಳೆ, ಮೊಸರು, ಹಾಲು, ಪನೀರು ಒಲೆಯ ಬಳಿಗೆ ಬಂದವು. ಒಮ್ಮೆಲೇ ಹೊಟ್ಟೆ ತುಂಬಿಸದೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಟ್ಟಳು. ಫಕೀರಪ್ಪ ಚಾಳಿನ ಮನೆಗಳ ಮುಂದಿನ ಗ್ಯಾಲರಿಯಲ್ಲಿ ಗೋಡೆ ಹಿಡಿದು ನಡೆದ, ಆಮೇಲೆ ಗೋಡೆ ಬಿಟ್ಟು ನಡೆದ. ಕುರ್ಚಿಯಿಂದ ಏಳುವುದು, ಕೂರುವುದು ಮಾಡಿದ. ಒಂದು ದಿನ ಸುಸ್ತಾಗಿ ಬೈದ. ಬಸವಣ್ಣೆವ್ವ ಬೈಸಿಕೊಂಡಳು, ಆದರೆ ಮಲಗಲು ಬಿಡಲಿಲ್ಲ.

ಮೂರು ವಾರದ ಮೇಲೆ ಡಾಕ್ಟರ ಮುಂದೆ ಅದೇ ಕುರ್ಚಿ. ಫಕೀರಪ್ಪ ಎದೆಯ ಮೇಲೆ ಕೈ ಕಟ್ಟಿದ. ಬಸವಣ್ಣೆವ್ವ ಉಸಿರು ಬಿಡಲು ಮರೆತಳು. ಅವನು ಎದ್ದು ನಿಂತ. ಡಾಕ್ಟರು ನಕ್ಕು, ಸೋಮವಾರ ಇಂಜೆಕ್ಷನ್ನಿಗೆ ಬನ್ನಿ ಎಂದು ಚೀಟಿ ಬರೆದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಕರುಳಿನ ಆಪರೇಷನ್ ಆಗಿದ್ದರೆ ಬರೀ ತೂಕ ನೋಡಿ ಸಮಾಧಾನ ಪಡಬೇಡಿ. ತೋಳು, ತೊಡೆ ಬತ್ತುತ್ತಿವೆಯೇ, ಕುರ್ಚಿಯಿಂದ ಏಳಲು ಕಷ್ಟವೇ, ನೋಡಿ. ಯಾವಾಗಿನಿಂದ ನಡೆಸಬೇಕು, ಏನು ಉಣಿಸಬೇಕು ಎಂದು ಡಾಕ್ಟರನ್ನು ನಾಚದೆ ಕೇಳಿ. ಕಾಯಿಲೆಯವರು ಸುಮ್ಮನೆ ಮಲಗಿದಂತೆ ಕಂಡರೂ ಅವರ ಮೈ ಒಳಗೊಳಗೇ ದುಡಿಯುತ್ತಿರುತ್ತದೆ. ಅದನ್ನು ಉಪವಾಸ ದುಡಿಸಬೇಡಿ.