ಕೆಂಪು ಚುಕ್ಕೆಯ ಬಟ್ಟಲು

೧
ಈ ಕಥೆಯನ್ನು ವೈರಸ್ಸಿನಿಂದ ಶುರು ಮಾಡಲೋ, ಬಟ್ಟಲಿನಿಂದಲೋ? ವೈರಸ್ಸಿನಿಂದ ಶುರು ಮಾಡಿದ ಮೂರು ಕರಡುಗಳು ಕಸದ ಬುಟ್ಟಿ ಸೇರಿವೆ. ಮೊದಲನೆಯದು ಆರೋಗ್ಯ ಇಲಾಖೆಯ ಕರಪತ್ರದ ಹಾಗಿತ್ತು, ಎರಡನೆಯದು ಅದರ ಹಿಂಬದಿಯ ಹಾಗೆ. (ಮೂರನೆಯದನ್ನು ನಾನೇ ಪೂರ್ತಿ ಓದಲಿಲ್ಲ.) ಬಟ್ಟಲೇ ಇರಲಿ.

೨
ಸೈಗಾನ್‌ನಿಂದ ಕೆಲವು ಗಂಟೆ ದೂರದ ಸಾ ದೆಕ್ ಊರಿನಲ್ಲಿ ಕಾಲುವೆ ದಂಡೆಯ ಮನೆ. ಅಂಗಳದ ತುಂಬ ಹೊಸವರ್ಷಕ್ಕೆ ಮಾರುವ ಸೇವಂತಿಗೆ ಕುಂಡಗಳು. ಒಳಗೆ ಚಾಪೆಯ ನಡುವೆ ಅನ್ನ, ಹುಳಿಸಾರು, ಮಡಕೆಯಲ್ಲಿ ಬೇಯಿಸಿದ ಮೀನು. ಹುಂಜದ ಚಿತ್ರವಿದ್ದ ಒಂದೇ ಬಟ್ಟಲಲ್ಲಿ ಉಪ್ಪುಪ್ಪಾದ ಮೀನುರಸ. ಅಪ್ಪ ಅದಕ್ಕೆ ಮೆಣಸಿನಕಾಯಿ ಮುರಿದು ಹಾಕುತ್ತಿದ್ದ. ಅಪ್ಪ, ಅಮ್ಮ, ಅಣ್ಣ ಖ್ಯೆಮ್, ಕಿರಿಯವಳು ಲಾಯ್, ನಾಲ್ವರ ಊಟದ ಕಡ್ಡಿಗಳೂ ಅದರಲ್ಲೇ ಅದ್ದಿ ಏಳುತ್ತಿದ್ದವು. ಮೀನಿನ ಕೆನ್ನೆಯ ತುಂಡು ಮಾತ್ರ ಯಾವಾಗಲೂ ಲಾಯ್‌ಗೆ.

ಹತ್ತೊಂಬತ್ತನೇ ವಯಸ್ಸಿಗೆ ರಕ್ತದಾನ ಮಾಡಲು ಹೋದಾಗ ಲಾಯ್‌ಗೆ ಹೆಪಟೈಟಿಸ್ ಬಿ ಇದೆಯೆಂದು ತಿಳಿಯಿತು. ಅಂದು ಅಮ್ಮ ಇನ್ನೊಂದು ಬಟ್ಟಲಿಗೆ ಕೆಂಪು ಉಗುರುಬಣ್ಣದ ಚುಕ್ಕೆಯಿಟ್ಟು ಅವಳ ಮುಂದಿಟ್ಟಳು. ಮೀನಿನ ಕೆನ್ನೆ ಎಂದಿನಂತೆ ಮಗಳಿಗೇ ಬಿತ್ತು, ಆದರೆ ಅದ್ದುವ ಬಟ್ಟಲು ಬೇರೆಯಾಯಿತು. ಅಪ್ಪ ತೀರಿಕೊಂಡ ದಿನವೂ ಅದು ತಪ್ಪಲಿಲ್ಲ. ಹೀಗೆ ಹನ್ನೆರಡು ವರ್ಷ. (ಇದು ಊಟದಿಂದ ಹರಡುವುದಿಲ್ಲವೆಂದು ಅವಳು ಎಷ್ಟು ಸಲ ಹೇಳಿದಳೋ. ಗೋಡೆಗೆ ಹೇಳಿದಂತಾಯಿತು.)

೩
(ವೈರಸ್ಸನ್ನು ಇಲ್ಲಿ ತರಲೇಬೇಕು, ಕ್ಷಮಿಸಿ.) ಲಾಯ್ ಈಗ ಸೈಗಾನ್‌ನ ಒಂದು ಪ್ರಯೋಗಾಲಯದಲ್ಲಿದ್ದಾಳೆ. ದೇಶದ ಉದ್ದಗಲದಿಂದ ರಕ್ತ ತರಿಸಿ, ಎಲ್ಲೆಲ್ಲಿ ಯಾವ ತಳಿಯ ವೈರಸ್ಸಿದೆ ಎಂದು ನೋಡುವ ಕೆಲಸ. ಈ ವೈರಸ್ ತನ್ನ ನಕಲು ತೆಗೆಯುವಾಗ ತಪ್ಪು ಮಾಡುತ್ತದೆ. ಇಬ್ಬರು ಹುಡುಗರು ಪರೀಕ್ಷೆಯಲ್ಲಿ ಒಂದೇ ತಪ್ಪು ಉತ್ತರ ಬರೆದರೆ ಮೇಷ್ಟ್ರು ಹಿಡಿಯುವುದಿಲ್ಲವೇ, ಹಾಗೆ ತಪ್ಪುಗಳಿಂದಲೇ ನಂಟು ಪತ್ತೆಯಾಗುತ್ತದೆ. ಊರಿಗೆ ಶಿಬಿರ ಬಂದಾಗ ಅಮ್ಮ, ಖ್ಯೆಮ್ ಇಬ್ಬರೂ ರಕ್ತ ಕೊಟ್ಟಿದ್ದರು. ಲಾಯ್ ತನ್ನದನ್ನೂ ಸೇರಿಸಿದ್ದಳು. ಎರಡು ಸಾವಿರ ಮಾದರಿಗಳ ನಡುವೆ ಅಮ್ಮನ ತಪ್ಪುಗಳೂ ಮಗಳ ತಪ್ಪುಗಳೂ ಒಂದೇ ಆಗಿದ್ದವು.

ಎಂದರೆ ಹೆರಿಗೆಯಲ್ಲಿ ಅಮ್ಮನಿಂದ ಮಗಳಿಗೆ ಬಂದದ್ದು. ಅಮ್ಮನ ಲಿವರ್ ಆಗಲೇ ಸೋಲುತ್ತಿತ್ತು. ಹೇಳದಿದ್ದರೆ ಅಮ್ಮ ಔಷಧಿ ತೆಗೆದುಕೊಳ್ಳುವುದಿಲ್ಲ. ಹೇಳಿದರೆ, ಹನ್ನೆರಡು ವರ್ಷ ಬಟ್ಟಲು ಬೇರೆ ಇಟ್ಟವಳು ಅದನ್ನು ಹೇಗೆ ತಡೆದುಕೊಂಡಾಳು?

೪
ಮೊದಲನೆಯ ಅಂತ್ಯ: ನನ್ನಿಂದಲೇ ನಿನಗೆ ಬಂತು ಎಂದು ಲಾಯ್ ಅಮ್ಮನಿಗೆ ಸುಳ್ಳು ಹೇಳುತ್ತಾಳೆ. ಬರೆದು ಮುಗಿಸಿ ನಾನೇ ಕಣ್ಣೊರೆಸಿಕೊಂಡೆ. ಲಾಯ್ ಒಪ್ಪಲಿಲ್ಲ. (ಅವಳ ಭಾಷೆಯಲ್ಲಿ ಅಪ್ಪನ ವಯಸ್ಸಿನವರೆಲ್ಲ ಚಿಕ್ಕಪ್ಪಂದಿರೇ, ಕಥೆ ಬರೆಯುವವನೂ.)

"ನನ್ನನ್ನ ದೇವತೆ ಮಾಡ್ಬೇಡಿ, ಚಿಕ್ಕಪ್ಪ. ಹಾಗಂದ್ರೆ ಆ ಬಟ್ಟಲು ಸರಿಯಾಗಿತ್ತು ಅಂತಾಗುತ್ತೆ."

ಎರಡನೆಯದು: ಅಮ್ಮ ಮಗಳನ್ನು ತಬ್ಬಿ ಅಳುತ್ತಾಳೆ. ಪ್ರವಾಹಕ್ಕೆ ಸೇವಂತಿಗೆಯೆಲ್ಲ ಕೊಳೆತ ವರ್ಷವೂ ನಮ್ಮಮ್ಮ ಅಳಲಿಲ್ಲ, ನಿಮ್ಮ ಕಥೆಗೋಸ್ಕರ ಅಳುತ್ತಾಳೆಯೇ ಎಂದು ಲಾಯ್ ನಕ್ಕಳು. (ಹೊಡೆದು ಹಾಕಿದೆ.)

೫
ಆದದ್ದಿಷ್ಟು. ಲಾಯ್ ಊರಿಗೆ ಬಂದು, ಅಮ್ಮ ಮತ್ತು ಖ್ಯೆಮ್ ಜೊತೆ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಎಲ್ಲ ಹೇಳಿದಳು. ಅಮ್ಮ ಮುಳ್ಳು ಬಿಡಿಸುತ್ತಲೇ ಕೇಳಿಸಿಕೊಂಡಳು.

"ಹುಟ್ಟೋವಾಗ್ಲೇನಾ?"

"ಹೂಂ ಮಾ. ಆಗ ನಮ್ಮೂರಿಗೆ ಲಸಿಕೆನೂ ಬಂದಿರ್ಲಿಲ್ಲ, ಯಾರಿಗೂ ಗೊತ್ತೂ ಇರ್ಲಿಲ್ಲ."

"ಖ್ಯೆಮ್ ಇಷ್ಟು ವರ್ಷ ನನ್ನ ಬಟ್ಟಲಲ್ಲೇ ಅದ್ದಿ ತಿಂದಿದಾನಲ್ಲ."

"ಅವನಿಗೆ ಏನೂ ಬಂದಿಲ್ಲ. ನಾನು ಹೇಳ್ತಾ ಬಂದಿದ್ದೂ ಅದನ್ನೇ."

ಅಮ್ಮ ಬಿಡಿಸಿದ ಮುಳ್ಳನ್ನು ಬದಿಗಿಟ್ಟಳು. ಆಸ್ಪತ್ರೆಗೆ ಯಾವತ್ತು ಹೋಗಬೇಕು ಎಂದು ಕೇಳಿದಳು. ಸೋಮವಾರ ಎಂದಳು ಲಾಯ್. ಆಮೇಲೆ ಅಮ್ಮ ಕೈ ಚಾಚಿ ಚುಕ್ಕೆಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು ಮೀನಿನ ಚೂರು ಅದ್ದಿ ತಿಂದಳು.

"ಇದಕ್ಕೆ ಮೆಣಸಿನಕಾಯೇ ಇಲ್ವಲ್ಲೇ. ಇಷ್ಟು ವರ್ಷ ಹೀಗೇ ತಿಂದ್ಯಾ?"

೬
ಅಮ್ಮ ಮಗಳ ಮಾತನ್ನು ನಂಬಿ ಅದ್ದಿದಳೋ, ತನಗೂ ಅದೇ ಇದೆಯಲ್ಲ ಇನ್ನೇನು ಎಂದುಕೊಂಡು ಅದ್ದಿದಳೋ? ಲಾಯ್‌ಗೆ ಬೇಕಾದದ್ದು ಅದೊಂದೇ ಉತ್ತರ, ನನ್ನಲ್ಲಿ ಅದಿಲ್ಲ. (ಲೇಖಕನಿಗೆ ಎಲ್ಲ ಗೊತ್ತಿರುತ್ತದೆ ಎಂದವರು ಕಥೆ ಬರೆದವರಲ್ಲ.)

ಈಗ ಖ್ಯೆಮ್ ಮೀನಿನ ತುಂಡು ಹಿಡಿದ ಕಡ್ಡಿಯನ್ನು ಚುಕ್ಕೆಯ ಬಟ್ಟಲಿನತ್ತ ಚಾಚಿದ್ದಾನೆ. ಅಮ್ಮ ತಡೆದರೆ ಒಂದು ಕಥೆ, ತಡೆಯದಿದ್ದರೆ ಇನ್ನೊಂದು. ಇಲ್ಲೇ ನಿಲ್ಲಿಸಿ ಚಿಕ್ಕಪ್ಪ ಎಂದು ಲಾಯ್ ನನಗೆ ಕಣ್ಸನ್ನೆ ಮಾಡುತ್ತಾಳೆ. ಅವಳು ನೋಡುತ್ತಿರುವುದು ಅಮ್ಮನ ಕೈಯನ್ನು. ಆ ಕೈ ಅಪ್ಪ ಮಾಡುತ್ತಿದ್ದ ಹಾಗೆಯೇ ಮೆಣಸಿನಕಾಯಿ ಮುರಿದು ಬಟ್ಟಲಿಗೆ ಹಾಕುತ್ತಿದೆ, ಇನ್ನೂ ಮುಗಿಸಿಲ್ಲ.